ಬೆಲ್ಲದ ಡಬ್ಬಿಯ ಮೇಲೆ ಇರುವೆ: ಚಿತ್ರ ಬಿಡಿಸುವುದನ್ನೇ ನಿಲ್ಲಿಸಿದ್ದ ಒಬ್ಬಳು ಹುಡುಗಿಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಮನೆ ಇರುವ ಜಾಗ, ಅಪ್ಪನ ಕೆಲಸ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯೋಣ. ಊರು ಮಾತ್ರ ಉಡುಪಿಯೇ, ಅದನ್ನು ಬದಲಿಸಿದರೆ ಕತೆಯೇ ಕೆಡುತ್ತದೆ. ನಾನು ಹಲವು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು, ಹಾಗಾಗಿ ಇವರು ನನ್ನನ್ನು ಕೇಳಿದರು. ನಾನು ಕೊಟ್ಟ ಎರಡು ಸಲಹೆಗಳೂ ಕೆಲಸಕ್ಕೆ ಬರಲಿಲ್ಲ ಅನ್ನುವುದನ್ನೂ ಈಗಲೇ ಬರೆದಿಡುತ್ತೇನೆ. ಕೆಲಸಕ್ಕೆ ಬಂದದ್ದು ಬೇರೆಯೇ, ಅದನ್ನು ಯಾರೂ ಸಲಹೆ ಅಂತ ಕೊಟ್ಟದ್ದಲ್ಲ.

ಬಸ್ಸಿಗಿಂತ ದೊಡ್ಡ ಕಂಡಕ್ಟರ್

ಪುಟ್ಟಿಗೆ ಆಗ ನಾಲ್ಕೂವರೆ ವರ್ಷ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ಅಮ್ಮ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಶಾಲೆ ಬಿಟ್ಟ ಮೇಲೆ ಸಂಜೆವರೆಗೆ ಅಜ್ಜಿಯ ಜೊತೆ. ದೊಡ್ಡಪ್ಪ ದುಬೈಯಲ್ಲಿ.

ಎರಡು ವರ್ಷ ತುಂಬುವ ಮೊದಲೇ ಈ ಹುಡುಗಿ ಗೀಚಲು ಶುರು ಮಾಡಿದ್ದಳಂತೆ. ಗೋಡೆ, ಕೆಂಪು ಸಿಮೆಂಟಿನ ನೆಲ, ಕ್ಯಾಲೆಂಡರಿನ ಹಿಂಬದಿ, ಒಮ್ಮೆ ಕರೆಂಟ್ ಬಿಲ್ಲು ಕೂಡ. ಮೂರರ ಹೊತ್ತಿಗೆ ಆ ಸುತ್ತು ಸುತ್ತು ಗೀಟುಗಳ ನಡುವೆ ಒಂದು ದಿನ ಸರಿಯಾಗಿ ಮುಚ್ಚಿಕೊಂಡ ವೃತ್ತ ಬಂತು. ನಾಲ್ಕಕ್ಕೆ ಆ ವೃತ್ತಕ್ಕೆ ಕಣ್ಣು ಬಂತು, ಕೆಳಗೆ ಎರಡು ಕಡ್ಡಿ ಕಾಲು. ಹೊಟ್ಟೆ ಇಲ್ಲ, ತಲೆಯಿಂದಲೇ ಕಾಲು. ಇದನ್ನು ನೋಡಿ ಗಾಬರಿಯಾಗುವ ಅಪ್ಪ ಅಮ್ಮಂದಿರು ಜಾಸ್ತಿ, ಆದರೆ ಹೆಚ್ಚಿನ ಮಕ್ಕಳ ಕೈಯಲ್ಲಿ ಮೊದಲ ಮನುಷ್ಯ ಹುಟ್ಟುವುದೇ ಹೀಗೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕರು 1947ರಲ್ಲೇ ಈ ಹಂತಗಳನ್ನು ವಿಂಗಡಿಸಿ ಬರೆದಿದ್ದಾರೆ. ಸುಮಾರು 2ರಿಂದ 4 ವರ್ಷದವರೆಗೆ ಗೀಚುವ ಕಾಲ. 4ರಿಂದ 7ರವರೆಗೆ ಮಗು ತನ್ನದೇ ಗುರುತುಗಳನ್ನು ಹುಡುಕಿಕೊಳ್ಳುವ ಕಾಲ. ನೆಲದ ಗೆರೆ ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುವುದು ಆಮೇಲೆ. ಈ ವಯಸ್ಸಿನಲ್ಲಿ ಗಾತ್ರಕ್ಕೆ ಅಳತೆ ಇಲ್ಲ. ಯಾವುದು ಮುಖ್ಯವೋ ಅದು ದೊಡ್ಡದು, ಅಷ್ಟೇ.

ಪುಟ್ಟಿಗೆ ಮುಖ್ಯ ಆಗಿದ್ದವನು ಬಸ್ಸಿನ ಕಂಡಕ್ಟರ್. ನಮ್ಮ ಊರಿನ ಪ್ರೈವೇಟ್ ಬಸ್ಸು ಗೊತ್ತಲ್ವಾ, ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಸೀಟಿ ಊದುತ್ತಾ "ಮಣಿಪಾಲ ಮಣಿಪಾಲ" ಅಂತ ಕೂಗುವವನು. ಅವನು ಊದಿದರೆ ಬಸ್ಸು ನಿಲ್ಲುತ್ತದೆ, ಮತ್ತೆ ಊದಿದರೆ ಹೊರಡುತ್ತದೆ. ಅವಳ ಚಿತ್ರದಲ್ಲಿ ಅವನು ಬಸ್ಸಿಗಿಂತ ದೊಡ್ಡ. ಕಂಕುಳಲ್ಲಿ ಚೀಲ, ಬಾಯಲ್ಲಿ ತಲೆಯಷ್ಟೇ ಗಾತ್ರದ ಸೀಟಿ. ಬಸ್ಸಿನ ಗೋಡೆಯೊಳಗಿಂದ ಕೂತವರ ಕಾಲುಗಳೂ ಕಾಣುತ್ತವೆ. ಆ ಹಾಳೆ ಈಗ ನನ್ನ ಹತ್ತಿರ ಉಂಟು. ನಾನು ಮಕ್ಕಳ ಚಿತ್ರ ತುಂಬಾ ನೋಡಿದ್ದೇನೆ, ಇದರಷ್ಟು ಸತ್ಯವಾದ ಬಸ್ಸು ನೋಡಿಲ್ಲ.

ನಿಂತದ್ದು ಯಾವಾಗ

ಒಂದು ಭಾನುವಾರ ವಿಡಿಯೋ ಕಾಲ್. ಅಪ್ಪ ಹೆಮ್ಮೆಯಿಂದ ಆ ಚಿತ್ರವನ್ನು ದೊಡ್ಡಪ್ಪನಿಗೆ ತೋರಿಸಿದರು. ದೊಡ್ಡಪ್ಪ ಪ್ರೀತಿಯವರೇ, ಆದರೆ ತಮಾಷೆ ಜಾಸ್ತಿ. "ಇದೆಂತ ಮಾರಾಯ್ತಿ, ಕಪ್ಪೆ ಬಸ್ಸು ನುಂಗ್ಲಿಕ್ಕೆ ಹೊರಟದ್ದಾ?" ಎಲ್ಲರೂ ನಕ್ಕರು, ಅಮ್ಮ ಕೂಡ. ಪುಟ್ಟಿಯೂ ನಕ್ಕಳು. ಅದಕ್ಕೇ ಯಾರಿಗೂ ಏನೂ ಅನಿಸಲಿಲ್ಲ. ಕಂಡಕ್ಟರ್ ಮಾತ್ರ ಆಮೇಲೆ ಅವಳ ಚಿತ್ರಗಳಲ್ಲಿ ಬರಲಿಲ್ಲ.

ಒಂದು ತಮಾಷೆಯಿಂದ ಎಲ್ಲ ಹಾಳಾಯಿತು ಅಂತ ನಾನು ಹೇಳುವುದಿಲ್ಲ. ಮಕ್ಕಳು ಅಷ್ಟು ಪೊಳ್ಳು ಅಲ್ಲ. ಆದರೆ ಅದರ ಹಿಂದೆಯೇ ಒಂದರ ಮೇಲೊಂದು ಬಂತು, ಎಲ್ಲ ಪ್ರೀತಿಯಿಂದ ಮಾಡಿದ್ದೇ.

ದೊಡ್ಡಪ್ಪ ಯಾರದ್ದೋ ಕೈಯಲ್ಲಿ 120 ಬಣ್ಣದ ಸ್ಕೆಚ್ ಪೆನ್ನಿನ ಪೆಟ್ಟಿಗೆ ಕಳಿಸಿದರು. ಅಮ್ಮನಿಗೆ ಅದನ್ನು ನೋಡಿದರೇ ಭಯ. ಮುಚ್ಚಳ ಹಾಕು, ಒತ್ತಬೇಡ, ಒಂದು ಮುಗಿಸಿ ಇನ್ನೊಂದು ತೆಗಿ. ವಾರದಲ್ಲಿ ಪೆಟ್ಟಿಗೆ ಕಪಾಟಿನ ಮೇಲೆ ಸೇರಿತು, "ದೊಡ್ಡವಳಾದ ಮೇಲೆ ಕೊಡ್ತೇನೆ" ಅಂತ. ಆದರೆ ಅದನ್ನು ನೋಡಿದ ಮೇಲೆ ಹಳೇ ಕ್ರೇಯಾನಿನ ತುಂಡುಗಳು ಮಗುವಿನ ಕಣ್ಣಿಗೆ ಕಸದ ಹಾಗೆ ಕಂಡಿರಬೇಕು. ಅದನ್ನೂ ಮುಟ್ಟಲಿಲ್ಲ.

ಆಮೇಲೆ ಶನಿವಾರದ ಡ್ರಾಯಿಂಗ್ ಕ್ಲಾಸು. ಅಪ್ಪನಿಗೆ ಈ ವಿಷಯದಲ್ಲಿ ಒಂದು ಅಭಿಮಾನ. 1911ರಲ್ಲಿ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಹುಟ್ಟಿದ ಕಟ್ಟಿಂಗೇರಿ ಇಲ್ಲೇ ಹತ್ತಿರ, ನಮ್ಮ ನೀರಿನಲ್ಲೇ ಚಿತ್ರಕಲೆ ಉಂಟು ಅಂತ ಅವರ ವಾದ. ಕುಣಿಯುವವರ ಮೈಯನ್ನು ನಾಲ್ಕೈದು ಗೆರೆಯಲ್ಲಿ ಹಿಡಿದುಬಿಡುತ್ತಿದ್ದ ಹೆಬ್ಬಾರರ ಹೆಸರು ಹೇಳಿ, ಮಗುವನ್ನು ಬೋರ್ಡು ನೋಡಿ ನಕಲು ಮಾಡುವ ಕಡೆ ಕಳಿಸಿದರು. ಅಲ್ಲಿ ಕಲಿಸಿದ್ದು ನಮಗೆಲ್ಲ ಗೊತ್ತಿರುವ ಅದೇ ಚಿತ್ರ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ಮನೆ, ಒಂದು ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಪುಟ್ಟಿ ಚೆನ್ನಾಗಿಯೇ ಕಲಿತಳು. ಮನೆಗೆ ಬಂದೂ ಅದನ್ನೇ ಬಿಡಿಸಿದಳು. ಮರುದಿನವೂ. ಮರುವಾರವೂ. ಈ ಹುಡುಗಿ ಸೂರ್ಯ ಮುಳುಗುವುದನ್ನು ನೋಡಿದ್ದು ಮಲ್ಪೆ ಕಡಲಿನಲ್ಲಿ, ಗುಡ್ಡದ ನಡುವೆ ಅಲ್ಲ.

ಸೀಟಿಯ ಕಂಡಕ್ಟರ್ ಎಲ್ಲಿ ಹೋದ ಅಂತ ಅಮ್ಮನಿಗೆ ಆಗ ಸ್ವಲ್ಪ ಚಿಂತೆಯಾಯಿತು. ಬೇರೆ ಏನಾದರೂ ಬಿಡಿಸಲಿ ಅಂತ ಅಪ್ಪ ಒಂದು ಉಪಾಯ ಮಾಡಿದರು. ಹೊಸ ಚಿತ್ರಕ್ಕೆ ಹತ್ತು ರೂಪಾಯಿ. ಮೊದಲ ದಿನ ಮೂರು ಚಿತ್ರ, ಎರಡನೇ ದಿನ ಒಂಬತ್ತು. ನಾಲ್ಕನೇ ದಿನ ಒಂದೊಂದು ಹಾಳೆಗೆ ಒಂದೊಂದು ವೃತ್ತ, "ಇದು ಚೆಂಡು, ಇದು ಚಂದ್ರ, ಇದು ಲಾಡು, ಮೂವತ್ತು ಕೊಡು." ಅಪ್ಪ ನಗುತ್ತಾ ಅಂಗಡಿ ಮುಚ್ಚಿದರು. ಪುಟ್ಟಿಯೂ ಮುಚ್ಚಿದಳು, ಪೂರ್ತಿ.

ಇದು ಹೊಸ ಸಂಗತಿ ಅಲ್ಲ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಅಮೆರಿಕದಲ್ಲಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಬಗ್ಗೆಯೇ ಇದೆ. ಚಿತ್ರ ಬಿಡಿಸುವುದು ಮೊದಲೇ ಇಷ್ಟ ಇದ್ದ ಶಿಶುವಿಹಾರದ ಮಕ್ಕಳು ಅವರು. ಕೆಲವರಿಗೆ "ಬಿಡಿಸಿದರೆ ಸರ್ಟಿಫಿಕೇಟ್" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ವಾರ ಎರಡು ವಾರ ಬಿಟ್ಟು ಸುಮ್ನೆ ಪೆನ್ನುಗಳನ್ನು ಇಟ್ಟು ನೋಡಿದಾಗ, ಸರ್ಟಿಫಿಕೇಟಿನ ಆಸೆಯನ್ನು ಯಾರಿಗೆ ಮೊದಲೇ ತೋರಿಸಿದ್ದರೋ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಹತ್ತಿರ ಇದ್ದರು. ಹೇಳದೆ ಕೊನೆಗೆ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ. ಪುಟ್ಟಿಯ ಅಪ್ಪ ನಾಲ್ಕು ದಿನದಲ್ಲಿ ಅದನ್ನೇ ಮನೆಯಲ್ಲಿ ಮಾಡಿ ತೋರಿಸಿದರು.

ನನ್ನ ಎರಡು ಸೋಲು

ಅಮ್ಮ ನನ್ನನ್ನು ಕೇಳಿದ್ದು ಮೇ ಕೊನೆಗೆ. "ಟೀಚರ್, ಇವಳಿಗೆ ಎಂತ ಆಯ್ತು ಗೊತ್ತಾಗುದಿಲ್ಲ."

ನಾನು ಹೇಳಿದ್ದು ಇಷ್ಟು. ಕ್ಲಾಸು ಬಿಡಿಸಿ, ಬಣ್ಣ ತುಂಬುವ ಪುಸ್ತಕ ತೆಗೆದಿಡಿ, ದೊಡ್ಡ ಹಾಳೆ ಕೊಡಿ, ದಿನಾ ಸಂಜೆ ಐದರಿಂದ ಐದೂವರೆ ಚಿತ್ರದ ಹೊತ್ತು. ಕೇಳಲು ಚೆನ್ನಾಗಿದೆ ಅಲ್ವಾ? ಐದು ಗಂಟೆಗೆ ಮಗುವನ್ನು ಕೂರಿಸಿದರು. ಅವಳು ಎರಡು ಗುಡ್ಡ ಬಿಡಿಸಿ, ಗಡಿಯಾರ ನೋಡಿ, "ಆಯ್ತಾ?" ಅಂದಳು. ಅವಳ ಪಾಲಿಗೆ ಅದು ಹೋಂವರ್ಕು. ಮೇಲಿಂದ ಮಳೆ ಬೇರೆ ಶುರುವಾಗಿ ನಾನು ಹೇಳಿದ ದೊಡ್ಡ ಹಾಳೆಗಳೆಲ್ಲ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ, ಕೆಳಗಿನವಕ್ಕೆ ಬೂಷ್ಟು ಹಿಡಿಯಿತು. ಕರಾವಳಿಯಲ್ಲಿ ಕೂತು ಕರಾವಳಿಯ ಮಳೆ ಮರೆತ ಸಲಹೆ ಅದು.

ಆ ದಿನಗಳಲ್ಲೇ ಒಮ್ಮೆ ಅವರ ಮನೆಗೆ ಹೋಗಿದ್ದೆ. ಪಕ್ಕದಲ್ಲಿ ಕೂತು ಕೇಳಿದೆ, "ಈ ಮನೆಯಲ್ಲಿ ಅಜ್ಜಿ ಎಲ್ಲಿದ್ದಾರೆ?" ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಇದು ನಮ್ಮ ಮನೆ ಅಲ್ಲ ಟೀಚರ್. ಇದು ಡ್ರಾಯಿಂಗಿನ ಮನೆ."

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇಷ್ಟು ವರ್ಷ ನಾನು ಎಷ್ಟು ಮಕ್ಕಳಿಗೆ ಡ್ರಾಯಿಂಗಿನ ಮನೆ ಕಲಿಸಿದ್ದೇನೋ. ಮಗುವಿಗೆ ಆಸಕ್ತಿ ಹೋಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹೋದದ್ದು ಅದಲ್ಲ. ಅವಳ ಲೆಕ್ಕದಲ್ಲಿ ಚಿತ್ರಕ್ಕೂ ಅವಳು ನೋಡುವ ಜಗತ್ತಿಗೂ ಸಂಬಂಧವೇ ತಪ್ಪಿಹೋಗಿತ್ತು.

ಇಷ್ಟು ತಿಳಿದ ಮೇಲೂ ನನ್ನ ಎರಡನೇ ಸಲಹೆ ನೆಟ್ಟಗಿರಲಿಲ್ಲ. ದೊಡ್ಡ ಚಿತ್ರ ತೋರಿಸಿ, ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿಗೆ ಕರೆದುಕೊಂಡು ಹೋಗಿ ಅಂದೆ. ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಮಾಡು ಎಲ್ಲ ತುಂಬಿಸಿ ಬಿಡಿಸಿದ ಜಾಗ. ಹೋದರು. ಅಪ್ಪ ಒಂದೊಂದೇ ವಿವರಿಸುತ್ತಾ ಹೋದರು. ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆ, "ಅಷ್ಟು ಮೇಲೆ ಹತ್ತಿದವರು ಮೂತ್ರ ಬಂದ್ರೆ ಎಂತ ಮಾಡಿದ್ರು?" ಅಪ್ಪನಿಗೆ ನಾಚಿಕೆಯಾಗಿ ಹೊರಗೆ ಕರೆದುಕೊಂಡು ಬಂದರು. ಪಾಪ, ಅವರ ತಪ್ಪಲ್ಲ. ಆದರೆ ಆ ದಿನ ಅಲ್ಲಿದ್ದವರಲ್ಲಿ ಆ ಮಾಡಿನ ಕೆಳಗೆ ಅಟ್ಟಣಿಗೆ ಹತ್ತಿ ಕೂತ ಮನುಷ್ಯನನ್ನು ನಿಜವಾಗಿ ಕಂಡವಳು ಅವಳೊಬ್ಬಳೇ.

ಡಬ್ಬಿಗಳು

ಜುಲೈ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮಳೆಗಾಲ ಕಳೆದು ಆಪರೇಷನ್ ಮಾಡಿಸುವ ಅಂತ ಮುಂದೂಡಿದ್ದರು. ಅಡುಗೆಮನೆಯಲ್ಲಿ ಸಾಲಾಗಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು. ಸೊಸೆ ಅಂಟಿಸಿದ ಚೀಟಿಯ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಮೂಸಿ ನೋಡಿ ಗುರುತು ಹಿಡಿಯುತ್ತಿದ್ದರು. ಒಂದು ದಿನ ಶೀತ ಆಗಿ ಮೂಗೂ ಕಟ್ಟಿತ್ತು, ಜೀರಿಗೆ ಅಂತ ಒಂದು ಹಿಡಿ ಮೆಂತೆ ಹಾಕಿದರು. ಸಾರು ಕಹಿಯೋ ಕಹಿ.

ಅಜ್ಜಿಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಇಲ್ಲ. "ಏ ಮಗಾ, ಇಲ್ಲಿ ಬಾ. ಈ ಡಬ್ಬಿಗೆಲ್ಲ ಎಂತಾದ್ರೂ ಚಿತ್ರ ಮಾಡಿ ಹಾಕು. ದೊಡ್ಡ ಮಾಡಿ ಹಾಕು, ಕಪ್ಪು ಮಾಡಿ ಹಾಕು. ನನಗೆ ಗೊತ್ತಾಗ್ಬೇಕು."

ಇಷ್ಟೇ ನಡೆದದ್ದು. ನನಗೆ ಗೊತ್ತಾಗಿದ್ದು ಎರಡು ವಾರ ಕಳೆದ ಮೇಲೆ.

ಪುಟ್ಟಿ ಹಳೇ ಮದುವೆ ಕಾಗದಗಳನ್ನು ಹುಡುಕಿದಳು, ದಪ್ಪ ಕಾಗದ, ಮಳೆಗೂ ಮೆತ್ತಗಾಗುವುದಿಲ್ಲ. ಕಪ್ಪು ಬೇಕಲ್ಲ, ಅಮ್ಮ ಕಪಾಟಿನ ಮೇಲಿಂದ ಆ 120ರ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಅವಳು ತೆಗೆದುಕೊಂಡದ್ದು ಒಂದು ಕಪ್ಪು ಪೆನ್ನು ಮಾತ್ರ.

ಮೊದಲು ಉದ್ದು. ಒಂದು ವೃತ್ತ ಬಿಡಿಸಿದಳು. ಹಾಗಾದರೆ ಕೊತ್ತಂಬರಿಗೆ? ಅದೂ ವೃತ್ತವೇ. ಇಲ್ಲಿ ಅವಳು ನಿಂತು ಯೋಚಿಸಿದಳು ಅಂತ ಅಜ್ಜಿ ನೆನಪಿಸಿಕೊಳ್ಳುತ್ತಾರೆ. ಕೊತ್ತಂಬರಿ ಕಾಳು ಅಂಗೈಗೆ ಹಾಕಿಕೊಂಡು ತುಂಬಾ ಹೊತ್ತು ನೋಡಿದಳಂತೆ. ಅದರ ಮೈಮೇಲೆ ಗೆರೆಗೆರೆ ಉಂಟು, ಚೆಂಡಿನ ಹಾಗೆ ಅಲ್ಲ. ಕೊತ್ತಂಬರಿಗೆ ಗೆರೆಯ ವೃತ್ತ ಬಂತು. ಉದ್ದಿನ ಕಾಗದ ಹರಿದು ಹಾಕಿ, ತೂತು ತೂತಿನ ದೋಸೆ ಬಿಡಿಸಿದಳು. ಉದ್ದಿನಿಂದ ಎಂತ ಆಗ್ತದೆ ಅಂತ ಅಜ್ಜಿಗೆ ಗೊತ್ತುಂಟಲ್ಲ!

ಸಾಸಿವೆಗೆ, ಸಿಡಿಯುವ ಚುಕ್ಕಿಗಳು ಮತ್ತು ಹಿಂದೆ ಸರಿಯುತ್ತಿರುವ ಒಂದು ಕೈ. ಮೆಂತೆಗೆ, ನಾಲಗೆ ಹೊರಗೆ ಹಾಕಿದ ಅಪ್ಪನ ಮುಖ, ಆ ದಿನದ ಸಾರು ತಿಂದದ್ದು. ಬೆಲ್ಲಕ್ಕೆ ಇರುವೆ. ಕುಚ್ಚಲಕ್ಕಿಗೆ ಬೇಡ, "ಅದು ದೊಡ್ಡ ಡ್ರಮ್ಮು, ಅಜ್ಜಿಗೆ ಕಣ್ಣು ಮುಚ್ಚಿದ್ರೂ ಸಿಗ್ತದೆ."

ಜೀರಿಗೆಯಲ್ಲಿ ಸೋತಳು. ಸಣ್ಣ ಸಣ್ಣ ಗೀಟು ಹಾಕಿದ್ದಳು, ಸೋಂಪಿಗೂ ಅದೇ ಸಣ್ಣ ಗೀಟು. ಅಜ್ಜಿ ತಪ್ಪು ಡಬ್ಬಿ ತೆಗೆದರು. "ಎರಡೂ ಒಂದೇ ಹಾಗೆ ಕಾಣ್ತದಲ್ಲ, ಇದಾಗುದಿಲ್ಲ." ಸಮಾಧಾನ ಇಲ್ಲ, "ಪರವಾಗಿಲ್ಲ ಪುಟ್ಟಿ" ಇಲ್ಲ. ನಾನು ಅಲ್ಲಿದ್ದರೆ ಮಧ್ಯೆ ಬಾಯಿ ಹಾಕಿರುತ್ತಿದ್ದೆ ಖಂಡಿತ. ಮರುದಿನ ಸೋಂಪಿನ ಡಬ್ಬಿ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದು ಚೀಟಿ, ಪಕ್ಕದಲ್ಲಿ ಚಮಚ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಸೋಂಪು ತಂದಿಡುತ್ತಾರಲ್ಲ, ಅದು. ಅಜ್ಜಿಗೆ ತಕ್ಷಣ ಗೊತ್ತಾಯಿತು.

ಅಪ್ಪ ಸಂಜೆ ಬಂದು ಇದನ್ನೆಲ್ಲ ನೋಡಿ ಫೋಟೋ ತೆಗೆಯಲು ಡಬ್ಬಿ ಎತ್ತಿಕೊಂಡರು. ಅಜ್ಜಿ ಕೂಗಿದರು, "ಆ ಸಾಸಿವೆ ಇತ್ಲಾಗಿ ಕೊಡು, ಎಣ್ಣೆ ಹೊಗೆ ಬರ್ತಾ ಉಂಟು." ಫ್ಯಾಮಿಲಿ ಗ್ರೂಪಿಗೆ ಫೋಟೋ ಹೋಗಲಿಲ್ಲ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಆದ ಅತ್ಯಂತ ಒಳ್ಳೆಯ ಸಂಗತಿ ಅದು.

ಆಮೇಲೆ

ಡಬ್ಬಿಯಿಂದ ಚಿತ್ರ ಮನೆಯಿಡೀ ಹರಡಿತು. ಸ್ವಿಚ್ಚುಗಳ ಪಕ್ಕ ಫ್ಯಾನು, ಬಲ್ಬು. ಅಜ್ಜಿಯ ಮಾತ್ರೆಗಳಿಗೆ ಸೂರ್ಯ ಮತ್ತು ಚಂದ್ರ. (ಮಾತ್ರೆಯದ್ದನ್ನು ಮಾತ್ರ ಅಮ್ಮ ದಿನಾ ಪರೀಕ್ಷೆ ಮಾಡುತ್ತಿದ್ದರು, ಅದು ಸರಿಯೇ.) ಕೆಂಪು ನೆಲದ ಮೇಲೆ ಒದ್ದೆ ಬೆರಳಿನಿಂದ ಬಿಡಿಸುವುದು ಶುರುವಾಯಿತು. ಬಿಸಿಲುಗಾಲದಲ್ಲಾದರೆ ಅದು ನಿಮಿಷದಲ್ಲಿ ಆರುತ್ತದೆ, ಆಷಾಢದಲ್ಲಿ ಎಷ್ಟೋ ಹೊತ್ತು ಇರುತ್ತದೆ. ಕೆಲವೊಮ್ಮೆ ಅಮ್ಮ ಕೆಲಸ ಮುಗಿಸಿ ಬರುವವರೆಗೂ ಜಗಲಿಯಲ್ಲಿ ಅರ್ಧ ಆರಿದ ದನವೊಂದು ಕಾಣಸಿಗುತ್ತಿತ್ತು.

ಅಮ್ಮನಿಗೆ ಈಗ ಕಷ್ಟ ಶುರು. ಏನು ಹೇಳುವುದು? ಚೆಂದ ಉಂಟು ಅಂತ ಹೇಳದೆ ಹೇಗೆ ಇರುವುದು? ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯ ಹಬ್ಬಕ್ಕೆ, ಹುಲಿವೇಷ ನೋಡಲು ಹೋಗಿ ಬಂದರು. ರಾತ್ರಿ ಪುಟ್ಟಿ ಒಂದು ಚಿತ್ರ ಮಾಡಿದಳು. ಹಾಳೆ ತುಂಬ ತಲೆಗಳ ಹಿಂಬದಿ, ಒಂದು ದೊಡ್ಡ ಡೋಲು, ಮೂಲೆಯಲ್ಲಿ ಪಟ್ಟೆಪಟ್ಟೆಯ ಬಾಲದ ತುದಿ. ಅಮ್ಮ ನನಗೆ ಫೋನ್ ಮಾಡಿದರು. "ಟೀಚರ್, ಹುಲಿ ಎಲ್ಲಿ ಅಂತ ಕೇಳ್ಬಹುದಾ?" ಬೇಡ, ನೀನು ಎಲ್ಲಿ ನಿಂತಿದ್ದಿ ಅಂತ ಕೇಳಿ ಅಂದೆ. ಕೇಳಿದರು. "ಅಪ್ಪನ ಹೆಗಲ ಮೇಲೆ. ಅಷ್ಟೇ ಕಂಡದ್ದು."

ಈ ಒಂದು ಬದಲಾವಣೆ ನಾನು ಬೇರೆ ಮನೆಗಳಲ್ಲೂ ಹೇಳುತ್ತೇನೆ. "ಇದೇನು" ಅಂತ ಕೇಳಿದರೆ ಮಗುವಿಗೆ ತಾನು ಮಾಡಿದ್ದು ಗೊತ್ತಾಗುವ ಹಾಗಿಲ್ಲ ಅನಿಸುತ್ತದೆ. "ಚೆಂದ ಉಂಟು" ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ, ನಾಳೆ ಅದೇ ಮಾತಿಗಾಗಿ ಅದೇ ಚಿತ್ರ ಬರುತ್ತದೆ. ನೀನು ಎಲ್ಲಿದ್ದಿ, ಆಗ ಎಂತ ಶಬ್ದ ಬರ್ತಿತ್ತು, ಇವನು ಯಾಕೆ ಓಡ್ತಿದ್ದಾನೆ ಅಂತ ಕೇಳಿದರೆ ಕತೆ ಬರುತ್ತದೆ. ಕತೆ ಹೇಳುತ್ತಾ ಮಗು ತಾನೇ ಪೆನ್ನು ತೆಗೆದುಕೊಂಡು ಇನ್ನೆರಡು ಗೆರೆ ಸೇರಿಸುತ್ತದೆ. ಏನೂ ಕೇಳದೆ ಪಕ್ಕದಲ್ಲಿ ಕೂತು ಬೀನ್ಸ್ ಮುರಿದರೂ ಆಗುತ್ತದೆ. ಸಾಮಾನಿನ ವಿಷಯಕ್ಕೆ ಬಂದರೆ, ಸಣ್ಣ ಕೈಗೆ ದಪ್ಪ ಕ್ರೇಯಾನಿನ ಗಿಡ್ಡ ತುಂಡು, ಸೀಮೆಸುಣ್ಣ, ಆರಿದ ಇದ್ದಿಲು, ಒಂದು ಬದಿ ಖಾಲಿ ಇರುವ ಕಾಗದ ಸಾಕು. ಮುಖ್ಯ ಏನೆಂದರೆ ಅದು ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇರಬೇಕು ಮತ್ತು ಹಾಳಾದರೆ ಯಾರಿಗೂ ಹೊಟ್ಟೆ ಉರಿಯಬಾರದು.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಮನೆಗೆ ಬಂದವರು "ಒಂದು ಚಿತ್ರ ಮಾಡಿ ತೋರಿಸು" ಅಂದರೆ ಪುಟ್ಟಿ ಈಗಲೂ ಎರಡು ಗುಡ್ಡ ಬಿಡಿಸಿ ಕೊಡುತ್ತಾಳೆ, ನೆಂಟರಿಗೆ ಕಾಫಿ ಕೊಟ್ಟ ಹಾಗೆ. ಕೆಲವು ವಾರ ಏನೂ ಬಿಡಿಸುವುದಿಲ್ಲ. ಅಮ್ಮ ಮೊದಲಿನ ಹಾಗೆ ಗಾಬರಿಯಾಗುವುದಿಲ್ಲ, ಸ್ವಲ್ಪ ಆಗುತ್ತಾರೆ. ನವೆಂಬರ್ 14ಕ್ಕೆ ಸ್ಪರ್ಧೆ ಇತ್ತು. ಕಳಿಸುವುದಾ ಬೇಡವಾ ಅಂತ ಅಪ್ಪ ಅಮ್ಮನಿಗೆ ದೊಡ್ಡ ಚರ್ಚೆ, ಕೊನೆಗೆ ಅವಳನ್ನೇ ಕೇಳಿದರು. ಹೋದಳು, ಬಿಡಿಸಿದಳು, ಬಹುಮಾನ ಬರಲಿಲ್ಲ, ಅಲ್ಲಿ ಕೊಟ್ಟ ಬಿಸ್ಕೆಟ್ ಚೆನ್ನಾಗಿತ್ತು ಅಂದಳು. ಇದು ಒಂದೇ ಮನೆಯ ಕತೆ, ಹಗಲು ಜೊತೆಗಿರುವ ಅಜ್ಜಿ ಇದ್ದ ಮನೆ. ಎಲ್ಲ ಮನೆಯಲ್ಲೂ ಡಬ್ಬಿಗೆ ಚಿತ್ರ ಅಂಟಿಸಿ ಅಂತ ನಾನು ಹೇಳಿದರೆ ಅದೂ ಇನ್ನೊಂದು ಎರಡು ಗುಡ್ಡ ಆಗುತ್ತದೆ.

ದೀಪಾವಳಿ ಕಳೆದ ಮೇಲೆ ಅಜ್ಜಿಗೆ ಆಪರೇಷನ್ ಆಯಿತು. ಕಪ್ಪು ಕನ್ನಡಕ, ಕಣ್ಣಿಗೆ ಹನಿ ಮದ್ದು, ಒಲೆ ಹತ್ತಿರ ಹೋಗಬಾರದು. ಡಿಸೆಂಬರಿನಲ್ಲಿ ಮೊದಲ ಸಲ ಅಡುಗೆಮನೆಗೆ ಹೋದ ದಿನ ನಾನೂ ಅಲ್ಲಿದ್ದೆ. ಅಜ್ಜಿ ಒಂದೊಂದೇ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಮೆಂತೆಯ ಡಬ್ಬಿಯಲ್ಲಿ ಮಗನ ಮುಖ ನೋಡಿ ನಕ್ಕರು. ಬೆಲ್ಲದ ಡಬ್ಬಿಗೆ ಬಂದಾಗ ಕಣ್ಣು ಕಿರಿದು ಮಾಡಿದರು.

"ಇದೆಂತ ಮಾರಾಯ್ತಿ, ಇರುವೆಗೆ ಎಂಟು ಕಾಲಾ?"

ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. ಇಬ್ಬರಿಗೂ ನೆನಪಾದದ್ದು ದುಬೈಯ ಫೋನೇ. ಪುಟ್ಟಿ ಅಜ್ಜಿಯ ಕೈಯಿಂದ ಡಬ್ಬಿ ತೆಗೆದುಕೊಂಡಳು, ಮುಚ್ಚಳ ತೆಗೆದಳು, ಒಳಗೆ ಬಗ್ಗಿ ನೋಡಿದಳು. ಒಂದೇ ಒಂದು ಇರುವೆ ಇತ್ತು, ಅದನ್ನು ಬೆರಳಿಗೆ ಹತ್ತಿಸಿಕೊಂಡು ಜಗಲಿಯ ಬೆಳಕಿಗೆ ಹೋದಳು. "ನಿಲ್ಲು, ನಿಲ್ಲು" ಅಂತ ಇರುವೆಗೆ ಬೈಯುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಮದುವೆ ಕಾಗದ ಹುಡುಕತೊಡಗಿದಳು.

"ಆರೇ ಅಜ್ಜಿ. ಅದು ಓಡುವಾಗ ಜಾಸ್ತಿ ಕಾಣ್ತದೆ."